ಲಿವರ್‌ಪೂಲಿನಲ್ಲಿ ನಾಲ್ಕು ತಿಂಗಳು

ಪರದೇಶಕ್ಕೆ ಹೋಗಿ ಬಂದವರಿಗೆ ನಮ್ಮ ರಾಮಮೂರ್ತಿ ನಗರದಲ್ಲಿ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ. ಮೊದಲನೆಯದು, "ಊಟಕ್ಕೇನು ಮಾಡ್ತಿದ್ರಿ?" ಎರಡನೆಯದು, "ಏನೇನು ನೋಡ್ಕೊಂಡು ಬಂದ್ರಿ?" ಮೊದಲನೆಯದಕ್ಕೆ ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ಹುಳಿಪುಡಿ, ಸಾರಿನಪುಡಿ, ಬಾಣಂತಿ ಖಾರ, ಅಂಟಿನುಂಡೆ ಎಲ್ಲವನ್ನೂ ಇಲ್ಲಿಂದಲೇ ಹೊತ್ತುಕೊಂಡು ಹೋಗಿದ್ದೆ. ಎರಡನೆಯ ಪ್ರಶ್ನೆಗೆ ಮಾತ್ರ ಬಾಯಿ ಕಟ್ಟುತ್ತಿತ್ತು. ನಾನು ಲಂಡನ್ನಿನ ಅರಮನೆ ನೋಡಲಿಲ್ಲ, ಪ್ಯಾರಿಸ್ಸಿಗೆ ಹೋಗಲಿಲ್ಲ. 2014ರ ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಮಗಳ ಬಾಣಂತನಕ್ಕೆಂದು ಲಿವರ್‌ಪೂಲಿನಲ್ಲಿದ್ದೆ. ಬಾಣಂತನಕ್ಕೆ ಹೋದವಳು ಅಡಿಗೆಮನೆ, ಬಚ್ಚಲುಮನೆ, ಮಗುವಿನ ಬಟ್ಟೆ ಬಿಟ್ಟು ಇನ್ನೇನು ನೋಡಿಯಾಳು?

ಆದರೂ ಅಲ್ಲಿ ನೋಡಿದ ಒಂದೆರಡು ಸಂಗತಿಗಳು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯಿಂದಲೇ ಹೊರಡಬೇಕು.

ನಮ್ಮ ಮನೆಯಲ್ಲಿ ಪರದೇಶ ಕಂಡವರಲ್ಲಿ ನಾನು ಮೊದಲಿನವಳಲ್ಲ. ಆ ಗೌರವ ನಮ್ಮತ್ತೆಯವರದು. ಅವರು ಹುಟ್ಟಿ ಬೆಳೆದದ್ದು ಬಳೇಪೇಟೆಯಲ್ಲಿ. 1943ರಲ್ಲಿ ಅವರನ್ನು ಹಲಸೂರಿಗೆ ಮದುವೆ ಮಾಡಿ ಕೊಟ್ಟರು. ಪೇಟೆಯವರ ಮಾತಿನಲ್ಲಿ ಅದು "ದಂಡಿಗೆ ಕೊಟ್ಟದ್ದು". ಈಗ ಮೆಟ್ರೊ ಹತ್ತಿದರೆ ಕಾಲು ಗಂಟೆಯ ದಾರಿ. ಆಗ ಅದು ಬೇರೆಯೇ ಆಡಳಿತ. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯಕ್ಕೆಂದು ಇಲ್ಲಿ ದಂಡು ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡಿನ ಪ್ರದೇಶವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಹೆಸರಿಟ್ಟು, ರೆಸಿಡೆಂಟರ ಮೂಲಕ ಆಳಿದರು. ಅದು ಮತ್ತೆ ಮೈಸೂರಿಗೆ ಸೇರಿದ್ದು 1947ರಲ್ಲಿ. ಪೇಟೆ, ದಂಡು ಎರಡರ ಪುರಸಭೆಗಳೂ ಕೂಡಿ ಒಂದೇ ನಗರಸಭೆಯಾದದ್ದು 1949ರಲ್ಲಿ.

ನಮ್ಮತ್ತೆ ಹೇಳುತ್ತಿದ್ದರು, "ಜಟಕಾದಿಂದ ಇಳಿದೆ ಕಣೆ, ಕಿವಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಒಂದು ಕಡೆ ತಮಿಳು, ಇನ್ನೊಂದು ಕಡೆ ಉರ್ದು, ಬೀದಿಯಲ್ಲಿ ಇಂಗ್ಲಿಷು. ಬಿಳಿ ಹೆಂಗಸರು ಕೈಗೆ ಚೀಲ ತೊಟ್ಟುಕೊಂಡು ಓಡಾಡ್ತಿದ್ರು." ಕೈಚೀಲವಲ್ಲ, ಕೈಗವಸು ಎಂದು ಅವರಿಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತಂತೆ. ನಾನು ವಿಮಾನ ಹತ್ತುವ ಮೊದಲೇ ಅವರು ತೀರಿಕೊಂಡಿದ್ದರು. ಇದ್ದಿದ್ದರೆ ಖಂಡಿತ ಹೇಳುತ್ತಿದ್ದರು, "ನೀನು ವಿಮಾನದಲ್ಲಿ ಹೋದೆ, ನಾನು ಜಟಕಾದಲ್ಲಿ ಹೋದೆ. ಅಷ್ಟೇ ವ್ಯತ್ಯಾಸ."

ಇನ್ನು ನನ್ನ ವಿಷಯ. ರಾಮಮೂರ್ತಿ ನಗರದಿಂದ ರೈಲುಹಳಿ, ಹಳೇ ಮದ್ರಾಸ್ ರಸ್ತೆ ದಾಟಿ ಹೋದರೆ ದೂರವಾಣಿನಗರ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ನಮ್ಮೆಲ್ಲರ ಬಾಯಲ್ಲಿ ಐಟಿಐ, ಅಲ್ಲಿದೆ. 1948ರಲ್ಲಿ ಸ್ಥಾಪನೆಯಾದ, ಸ್ವತಂತ್ರ ಭಾರತದ ಮೊದಮೊದಲ ಸರ್ಕಾರಿ ಕಾರ್ಖಾನೆಗಳಲ್ಲಿ ಒಂದು. ಅಲ್ಲಿಯವರೆಗೆ ನಮ್ಮ ದೇಶ ಟೆಲಿಫೋನಿನ ಯಂತ್ರಗಳನ್ನೆಲ್ಲ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಕಾರ್ಖಾನೆ ಬಂದ ಮೇಲೆ ಅದರ ಸುತ್ತ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಬಂದವು. ಕ್ವಾರ್ಟರ್ಸು ಸಿಗದವರು ಸುತ್ತಲಿನ ಹಳ್ಳಿಗಳ ಕಡೆ ನಿವೇಶನ ಕೊಂಡು ಮನೆ ಕಟ್ಟಿಕೊಂಡರು. ನಾವು ರಾಮಮೂರ್ತಿ ನಗರಕ್ಕೆ ಬಂದದ್ದೂ ಹಾಗೆಯೇ.

ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು 1975ರಲ್ಲಿ, ವೈರಿಂಗ್ ವಿಭಾಗಕ್ಕೆ. ನಮ್ಮ ಸಾಲಿನಲ್ಲಿ ಹೆಂಗಸರೇ ಹೆಚ್ಚು. ಟೆಲಿಫೋನ್ ಎಕ್ಸ್‌ಚೇಂಜಿನ ಒಂದೊಂದು ಚೌಕಟ್ಟಿಗೂ ನೂರಾರು ಬಣ್ಣದ ತಂತಿಗಳು. ಅವನ್ನು ಹಲಗೆಯ ಮೇಲೆ ಮೊಳೆಗಳ ನಡುವೆ ಹಾಯಿಸಿ, ಜಡೆಯ ಹಾಗೆ ಒಂದುಗೂಡಿಸಿ, ಮೇಣ ಸವರಿದ ದಾರದಿಂದ ಅಂತರಕ್ಕೊಂದು ಗಂಟು ಹಾಕುತ್ತ ಕಟ್ಟಬೇಕು. ಆಮೇಲೆ ಒಂದೊಂದು ತುದಿಯನ್ನೂ ಅದರದರ ಜಾಗಕ್ಕೆ ಬೆಸುಗೆ ಹಾಕಬೇಕು. ಸೇರಿದ ವಾರದಲ್ಲೇ ಕೈ ಕುದುರಿತು. ಯಾಕೆಂದರೆ ಅದು ಹೂ ಕಟ್ಟುವ ಕೈಚಳಕವೇ. ಮಲ್ಲಿಗೆ ದಂಡೆ ಕಟ್ಟಲು ಬರುವವಳಿಗೆ ಆ ಗಂಟು ಹೊಸದಲ್ಲ. ಮೂವತ್ತಮೂರು ವರ್ಷ ಆ ಕಾರ್ಖಾನೆಯಲ್ಲಿ ದುಡಿದು, 2008ರಲ್ಲಿ ನಿವೃತ್ತಳಾದೆ. ಆ ಸಂಬಳದಲ್ಲೇ ಮನೆ ಎದ್ದಿತು, ಮಗಳು ಇಂಜಿನಿಯರಿಂಗ್ ಓದಿದಳು.

ಇಷ್ಟೆಲ್ಲ ಮಾಡಿದ ಕೆಲಸವನ್ನು ನಾನು ಒಂದು ದಿನ ಮುಚ್ಚಿಟ್ಟೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು. ಬೀಗರ ಮನೆಯವರು ದೊಡ್ಡ ಹುದ್ದೆಗಳಲ್ಲಿದ್ದವರು. ನಡುವಿನವರು ಕೇಳಿದಾಗ, "ಐಟಿಐ ಆಫೀಸಿನಲ್ಲಿದ್ದೆ ಅಂತ ಹೇಳಿಬಿಡಿ" ಎಂದೆ. ಆಫೀಸು ಎಂದರೆ ಮೇಜು, ಕುರ್ಚಿ, ಫ್ಯಾನು. ಬೆಸುಗೆಯ ಕಡ್ಡಿ ತಗುಲಿ ಬೆರಳ ತುದಿಯಲ್ಲಿ ಉಳಿದ ಕಲೆಗಳನ್ನು ಒಗ್ಗರಣೆ ಸಿಡಿದದ್ದು ಎಂದರೆ ಯಾರು ಅಲ್ಲವೆನ್ನುತ್ತಾರೆ? ಮಗಳು ಪಕ್ಕದಲ್ಲೇ ಇದ್ದಳು, ಏನೂ ಅನ್ನಲಿಲ್ಲ. ಅಂದಿನಿಂದ ಅವಳೂ ಎಲ್ಲರಿಗೂ ಹಾಗೆಯೇ ಹೇಳತೊಡಗಿದಳು. ಈ ಸಣ್ಣ ಸುಳ್ಳನ್ನು ಪುಡಿಗಳ ಜೊತೆಯಲ್ಲೇ ಪೆಟ್ಟಿಗೆಯಲ್ಲಿಟ್ಟುಕೊಂಡು ನಾನು ಲಿವರ್‌ಪೂಲಿಗೆ ಹೋದೆ.

ಮೊದಲ ಆಶ್ಚರ್ಯ ಸೂರ್ಯನದು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ದೀಪ ಹಚ್ಚುವ ಹೊತ್ತಾಗಲಿ ಎಂದು ಕಾದೆ, ಕಾದೆ, ಸಂಜೆಯೇ ಆಗಲಿಲ್ಲ. ಮಗಳು ನಕ್ಕು, "ಅಮ್ಮಾ, ಗಡಿಯಾರ ನೋಡಿ ಹಚ್ಚಿಬಿಡು, ದೇವರು ಅಡ್ಜಸ್ಟ್ ಮಾಡ್ಕೋತಾನೆ" ಎಂದಳು. ಎರಡನೆಯ ಆಶ್ಚರ್ಯ ಮಾತಿನದು. ಇಂಗ್ಲಿಷರು ಬಿಗುಮಾನದವರು, ಮಾತಿಗೆ ಮುಂಚೆ ಹವಾಮಾನ ಎನ್ನುವವರು ಎಂದು ಓದಿದ್ದೆ. ಲಿವರ್‌ಪೂಲಿನವರು ಹಾಗಲ್ಲ. ತರಕಾರಿ ಅಂಗಡಿಯ ಹುಡುಗಿ ನನ್ನನ್ನು "ಲವ್" ಎಂದಳು, ಬೆಚ್ಚಿಬಿದ್ದೆ. ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟ ಮುದುಕರೊಬ್ಬರು "ಕೂತ್ಕೊ ಕ್ವೀನ್" ಎಂದರು. ಹೆಂಗಸರನ್ನು ರಾಣಿ ಎಂದು ಕರೆಯುವುದು ಆ ಊರಿನ ಹಳೆಯ ರೂಢಿಯಂತೆ. ನಮ್ಮ ಕಂಡಕ್ಟರು "ಒಳಗೆ ಹೋಗಮ್ಮಾ" ಎನ್ನುವ ಹಾಗೆ. ಶಿವಾಜಿನಗರದ ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿದರೂ ನನ್ನನ್ನು ಯಾರೂ ರಾಣಿ ಎಂದಿರಲಿಲ್ಲ.

ಊಟದ ವಿಷಯ ಕೇಳಿ. ಆ ಊರಿನವರಿಗೆ ಸ್ಕೌಸರ್ ಎಂಬ ಅಡ್ಡಹೆಸರು ಬಂದದ್ದೇ ಒಂದು ಅಡಿಗೆಯಿಂದ. ಸ್ಕೌಸ್ ಎಂದರೆ ಮಾಂಸ, ಆಲೂಗೆಡ್ಡೆ, ಗಜ್ಜರಿ ಹಾಕಿ ಗಂಟೆಗಟ್ಟಲೆ ಬೇಯಿಸಿದ ನಾವಿಕರ ಸಾರು. ಮಾಂಸ ಕೊಳ್ಳಲು ದುಡ್ಡಿಲ್ಲದ ದಿನ ಬರೀ ತರಕಾರಿಯಲ್ಲೇ ಮಾಡುತ್ತಿದ್ದರಂತೆ. ಅದಕ್ಕೆ ಕುರುಡು ಸ್ಕೌಸ್ ಎಂದು ಹೆಸರು. ಬಡವರ ಊಟವೆಂದು ಅವರು ಹೇಳುವ ಕುರುಡು ಸ್ಕೌಸು ನನಗೆ ಮೃಷ್ಟಾನ್ನವಾಯಿತು. ಮೇಲೆ ಒಂದು ಚಮಚ ಸಾರಿನಪುಡಿ ಉದುರಿಸಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ.

ದೊಡ್ಡ ಜಗಳ ನಡೆದದ್ದು ಬಾಣಂತನದ ಬಗ್ಗೆ. ಹೆತ್ತ ಮರುದಿನವೇ ಮನೆಗೆ ಕಳಿಸಿದರು. ಅಲ್ಲಿಯೇ ತಣ್ಣೀರು ಕುಡಿಸಿದ್ದರು. ವಾರ ತುಂಬುವ ಮೊದಲೇ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಚಳಿಗಾಳಿಗೆ ಕರೆದುಕೊಂಡು ಹೋಗಬಹುದು ಎಂದರು. ನಾನು ಕಿವಿಗೆ ಹತ್ತಿ, ತಲೆಗೆ ಸಾಂಬ್ರಾಣಿ ಹೊಗೆ, ಎಣ್ಣೆನೀರು ಎಂದು ಹಟ ಹಿಡಿದೆ. ಸಾಂಬ್ರಾಣಿ ಹಾಕಿದ ದಿನ ಮನೆಯ ಬೆಂಕಿಯ ಅಲಾರಂ ಹೊಡೆದುಕೊಂಡು ಬೀದಿಯೆಲ್ಲ ಎಚ್ಚರವಾಯಿತು. ನಮ್ಮಿಬ್ಬರನ್ನು ಸಮಾಧಾನ ಮಾಡಿದ್ದು ಮನೆಗೇ ಬರುತ್ತಿದ್ದ ದಾದಿ. ಕರೆಯದೆ, ಒಂದು ಕಾಸೂ ಕೇಳದೆ ಬಂದು, ತಾಯಿ ಮಗು ಇಬ್ಬರನ್ನೂ ನೋಡಿ ಹೋಗುತ್ತಿದ್ದಳು. ನನ್ನ ಎಣ್ಣೆಯ ಬಟ್ಟಲನ್ನು ನೋಡಿ ನಕ್ಕಳೇ ಹೊರತು ಬೇಡವೆನ್ನಲಿಲ್ಲ. ಹೊಗೆ ಮಾತ್ರ ಬೇಡವೆಂದಳು.

ದಾದಿ ಮನೆಗೆ ಬರುವುದೆಂದರೆ ನನಗೆ ಬಹಳ ದೊಡ್ಡ ವಿಷಯ. ಅಳಿಯಂದಿರನ್ನು ಕೇಳಿದೆ. ಅವರು ಒಂದು ಪುಸ್ತಕ ತಂದುಕೊಟ್ಟರು. ಬಡವರ ಮನೆಗೆ ತರಬೇತಾದ ದಾದಿಯನ್ನು ಕಳಿಸುವ ಪದ್ಧತಿ ಶುರುವಾದದ್ದು ಆ ಊರಿನಲ್ಲೇ, 1859ರಲ್ಲಿ. ವಿಲಿಯಂ ರಾತ್‌ಬೋನ್ ಎಂಬ ವರ್ತಕರ ಹೆಂಡತಿ ಆ ವರ್ಷ ಕಾಯಿಲೆಯಿಂದ ತೀರಿಕೊಂಡರು. ಆಕೆಯನ್ನು ನೋಡಿಕೊಂಡಿದ್ದ ಮೇರಿ ರಾಬಿನ್‌ಸನ್ ಎಂಬ ದಾದಿಯನ್ನೇ ಅವರು, ಮೂರು ತಿಂಗಳು ಬಡವರ ಕೇರಿಗೆ ಹೋಗಿ ಬಾ ಎಂದು ಕಳಿಸಿದರು. ಆಮೇಲೆ ಫ್ಲಾರೆನ್ಸ್ ನೈಟಿಂಗೇಲರ ಸಲಹೆ ಪಡೆದು ದಾದಿಯರ ತರಬೇತಿ ಶಾಲೆ ತೆರೆದರು. ಈಗಿನಂತೆ ಎಲ್ಲರಿಗೂ ಉಚಿತ ವೈದ್ಯವೆಂಬ ವ್ಯವಸ್ಥೆ ಇಂಗ್ಲೆಂಡಿನಲ್ಲಿ ಬಂದದ್ದು 1948ರ ಜುಲೈ 5ರಂದು. 1948 ಎಂದು ಓದಿದ ಕೂಡಲೇ ನನಗೆ ನಮ್ಮ ಕಾರ್ಖಾನೆ ನೆನಪಾಯಿತು. ಒಂದೇ ವರ್ಷ ಅಲ್ಲೊಂದು, ಇಲ್ಲೊಂದು.

ಕೂಸಿಗೆ ಎರಡು ತಿಂಗಳಾದಾಗ ಮಗಳು ನನ್ನನ್ನು ಊರ ನಡುವಿನ ಸೇಂಟ್ ಜಾರ್ಜಸ್ ಹಾಲ್‌ಗೆ ಕರೆದುಕೊಂಡು ಹೋದಳು. ರೈಲು ನಿಲ್ದಾಣದ ಎದುರಿಗೇ ಇದೆ, 1854ರಲ್ಲಿ ತೆರೆದದ್ದು. ನಮ್ಮ ದೊಡ್ಡ ದೇವಸ್ಥಾನದ ಪ್ರಾಕಾರದ ಹಾಗೆ ಕಂಬಗಳ ಸಾಲು. ಒಳಗೆ ಗೋಡೆಗಳುದ್ದಕ್ಕೂ ಹನ್ನೆರಡು ಅಮೃತಶಿಲೆಯ ಮೂರ್ತಿಗಳು, ಎಲ್ಲವೂ ಗಂಡಸರದು. ಮಂತ್ರಿಗಳು, ಧರ್ಮಗುರುಗಳು. ನೋಡುತ್ತ ಹೋದ ಹಾಗೆ ಹದಿಮೂರನೆಯದು ಎದುರಾಯಿತು. ಹೆಂಗಸು. ಕಿರೀಟವಿಲ್ಲ, ಪುಸ್ತಕವಿಲ್ಲ. 2012ರಲ್ಲಿ ಇಟ್ಟದ್ದು. ಹೆಸರು ಕಿಟ್ಟಿ ವಿಲ್ಕಿನ್‌ಸನ್. ಕಸುಬು, ಬಟ್ಟೆ ಒಗೆಯುವುದು.

ನಾನು ಮಗಳನ್ನು ಎರಡು ಸಲ ಕೇಳಿದೆ, "ಒಗೆಯೋಳಾ? ಸರಿಯಾಗಿ ಓದು." ಸರಿಯಾಗಿಯೇ ಓದಿದ್ದಳು.

ಕಿಟ್ಟಿ ಹುಟ್ಟಿದ್ದು 1786ರಲ್ಲಿ, ಐರ್ಲೆಂಡಿನಲ್ಲಿ. ಮಗುವಾಗಿದ್ದಾಗ ಹಡಗಿನಲ್ಲಿ ಲಿವರ್‌ಪೂಲಿಗೆ ಬರುವಾಗ ಅಪಘಾತವಾಗಿ ತಂದೆಯೂ ತಂಗಿಯೂ ನೀರುಪಾಲಾದರು. ಬಾಲ್ಯದಲ್ಲೇ ಹತ್ತಿಯ ಗಿರಣಿಗೆ ದುಡಿಯಲು ಹೋದಳು. ಮುಂದೆ ಬಟ್ಟೆ ಒಗೆದು ಸಂಸಾರ ನಡೆಸಿದಳು. 1832ರಲ್ಲಿ ಊರಿಗೆ ಕಾಲರಾ ಬಂತು. ಅವಳ ಬೀದಿಯಲ್ಲಿ ನೀರು ಕಾಯಿಸುವ ಹಂಡೆ ಇದ್ದದ್ದು ಅವಳ ಮನೆಯಲ್ಲಿ ಮಾತ್ರ. ಅವಳು ತನ್ನ ಅಡಿಗೆಮನೆಯ ಬಾಗಿಲನ್ನು ಬೀದಿಗೆ ತೆರೆದುಬಿಟ್ಟಳು. ರೋಗಿಗಳ ಬಟ್ಟೆ, ಹಾಸಿಗೆ ತಂದು ಕುದಿಸಿ ಒಗೆದುಕೊಂಡು ಹೋಗಿ ಎಂದಳು. ವಾರಕ್ಕೆ ಒಂದು ಪೆನ್ನಿ. ಕಾಲರಾದ ಕ್ರಿಮಿಯನ್ನು ರಾಬರ್ಟ್ ಕಾಖ್ ಗುರುತಿಸಿದ್ದು 1880ರ ದಶಕದಲ್ಲಿ. ಅದಕ್ಕೆ ಐವತ್ತು ವರ್ಷ ಮೊದಲೇ ಓದುಬರಹದ ಗರ್ವವಿಲ್ಲದ ಈ ಹೆಂಗಸಿಗೆ, ಕುದಿಸಿದರೆ ಕಾಯಿಲೆ ಹರಡದು ಎಂದು ಹೊಳೆದಿತ್ತು. ಅವಳ ಅಡಿಗೆಮನೆಯನ್ನು ನೋಡಿಯೇ 1842ರಲ್ಲಿ ಊರಿನ ಆಡಳಿತ ಫ್ರೆಡರಿಕ್ ಸ್ಟ್ರೀಟ್‌ನಲ್ಲಿ ಬಡವರಿಗಾಗಿ ಸಾರ್ವಜನಿಕ ಒಗೆತದ ಮನೆ ಕಟ್ಟಿಸಿತು. 1846ರಲ್ಲಿ ಕಿಟ್ಟಿಯನ್ನೂ ಅವಳ ಗಂಡನನ್ನೂ ಅದಕ್ಕೆ ಮೇಲ್ವಿಚಾರಕರನ್ನಾಗಿ ಮಾಡಿದರು. ಆ ವರ್ಷವೇ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಅವಳಿಗೊಂದು ಬೆಳ್ಳಿಯ ಟೀಪಾತ್ರೆ ಬಂತು. ಒಗೆಯುವವಳಿಗೆ ರಾಣಿಯಿಂದ ಟೀಪಾತ್ರೆ.

ನನ್ನ ಕಣ್ಣ ಮುಂದೆ ಬಂದದ್ದು ನಮ್ಮಮ್ಮನ ತಾಮ್ರದ ಹಂಡೆ. ಬಚ್ಚಲ ಒಲೆಗೆ ತೆಂಗಿನ ಗರಿ, ಸೌದೆ ಒಡ್ಡಿ, ಬಾಣಂತಿಯ ಬಟ್ಟೆ, ಕೂಸಿನ ಬಟ್ಟೆ, ಜ್ವರ ಬಂದವರ ಬಟ್ಟೆ ಬೇರೆ ಬೇರೆ ಕುದಿಸುತ್ತಿದ್ದರು. ಯಾಕೆಂದು ಕೇಳಿದರೆ "ಹಾಗೇ ಮಾಡಬೇಕು" ಎನ್ನುತ್ತಿದ್ದರು. ನಮ್ಮ ಹೆಂಗಸರ ಎಷ್ಟೋ ತಿಳಿವಳಿಕೆ "ಹಾಗೇ ಮಾಡಬೇಕು" ಎಂಬ ಎರಡು ಮಾತಿನಲ್ಲೇ ಮುಗಿದುಹೋಗಿದೆ. ಅದನ್ನು ಯಾರೂ ಬರೆದಿಡಲಿಲ್ಲ.

ನಮ್ಮೂರಿಗೂ ಅಂಥ ವರ್ಷಗಳು ಬಂದಿದ್ದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಪ್ಲೇಗು ಮಾರಮ್ಮನಿಗೆ ಗುಡಿಗಳೆದ್ದವು. ನಮ್ಮತ್ತೆಯವರ ತಾಯಿ ಆಗ ಸಣ್ಣ ಹುಡುಗಿ. ಇಲಿ ಬಿದ್ದ ಮನೆಗೆ ಬೀಗ ಹಾಕಿ ಹೊರಟ ಕಥೆಯನ್ನು ಅತ್ತೆ ತಾಯಿಯ ಬಾಯಲ್ಲಿ ಕೇಳಿದ್ದರು. ದಂಡಿನ ಇಕ್ಕಟ್ಟು ಕಡಿಮೆ ಮಾಡಲೆಂದೇ ಮುಂದೆ ಫ್ರೇಜರ್ ಟೌನ್ ಕಟ್ಟಿದರು. 1910ರಲ್ಲಿ ಅದು ಸಿದ್ಧವಾಯಿತು, ಈಗ ಅದು ಪುಲಕೇಶಿನಗರ. ಲಿವರ್‌ಪೂಲಿನಲ್ಲಿ ಉಷ್ಣದೇಶಗಳ ರೋಗಗಳಿಗೆಂದು ವೈದ್ಯಶಾಲೆ ತೆರೆದದ್ದೂ ಅದೇ 1898ರಲ್ಲಿ. ಮರುವರ್ಷ ಅಲ್ಲಿಗೆ ಪಾಠ ಹೇಳಲು ಬಂದ ರೊನಾಲ್ಡ್ ರಾಸ್, 1883ರಲ್ಲಿ ನಮ್ಮ ದಂಡಿನಲ್ಲಿ ವೈದ್ಯರಾಗಿದ್ದವರು. ಕಿಟಕಿಯ ಕೆಳಗಿನ ತೊಟ್ಟಿಯ ನೀರು ಚೆಲ್ಲಿದರೆ ಮನೆಯ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಅವರು ಕಂಡುಕೊಂಡದ್ದು ಬೆಂಗಳೂರಿನ ಬಂಗಲೆಯಲ್ಲಿ. ಸೊಳ್ಳೆಯಿಂದ ಮಲೇರಿಯಾ ಎಂದು ತೋರಿಸಿದ್ದಕ್ಕೆ 1902ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಬೆಂಗಳೂರಿನಲ್ಲಿ ಆ ಪ್ಲೇಗಿನ ಕೆಲಸಕ್ಕೆಂದೇ, ಎಲ್ಲೆಲ್ಲಿ ಏನಾಗಿದೆ ಎಂದು ಬೇಗ ತಿಳಿಯಲು, ಟೆಲಿಫೋನ್ ತಂತಿ ಎಳೆದರು. ನಮ್ಮೂರಲ್ಲಿ ಟೆಲಿಫೋನು ಹೀಗೆ ಸಾವುನೋವಿನ ಸುದ್ದಿ ಹೊರುವ ಕೆಲಸವನ್ನೂ ಹೊತ್ತಿತ್ತು.

ಟೆಲಿಫೋನಿನ ಮಾತು ಬಂತು. ನಮ್ಮ ಕಾರ್ಖಾನೆಗೆ ಮೊದಲು ವಿದ್ಯೆ ಕಲಿಸಿದ್ದು ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿ. ಎಡ್ಜ್ ಲೇನ್ ಎಂಬಲ್ಲಿ ಅದರ ಕಾರ್ಖಾನೆ. 1948ರಲ್ಲಿ ಭಾರತ ಸರ್ಕಾರ ಒಪ್ಪಂದ ಮಾಡಿಕೊಂಡದ್ದು ಅದರೊಡನೆಯೇ. ಮೊದಲು ಅಲ್ಲಿಂದ ಬಿಡಿಭಾಗಗಳು ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ಕ್ರಮೇಣ ಎಲ್ಲವೂ ಇಲ್ಲೇ ಆಗತೊಡಗಿತು. ಇದೆಲ್ಲ ಕೆಲಸಕ್ಕಿದ್ದಾಗ ಕಿವಿಗೆ ಬಿದ್ದ ಮಾತು. ಮಗಳ ಮನೆ ಆ ರಸ್ತೆಯಿಂದ ಎರಡು ಬಸ್ ಸ್ಟಾಪಿನ ದೂರದಲ್ಲಿದೆ ಎಂಬುದು ಮಾತ್ರ ನನಗೆ ಹೊಳೆದೇ ಇರಲಿಲ್ಲ.

ತಿಳಿಸಿದ್ದು ಪಕ್ಕದ ಮನೆಯ ಅಜ್ಜಿ. ಎಪ್ಪತ್ತೆಂಟು ವರ್ಷ, ಒಬ್ಬರೇ ಇದ್ದರು. ಹಿತ್ತಿಲಲ್ಲಿ ಬಟ್ಟೆ ಒಣಹಾಕಿ ಮಳೆ ಹನಿದ ಕೂಡಲೇ ಇಬ್ಬರೂ ಓಡಿಬರುತ್ತಿದ್ದೆವು. ಆ ಊರಿನಲ್ಲಿ ಮಳೆ ದಿನಕ್ಕೆ ನಾಲ್ಕು ಸಲ ಹನಿಯುವುದರಿಂದ ಪರಿಚಯ ಬೇಗ ಬೆಳೆಯಿತು. ಒಂದು ಭಾನುವಾರ ಚಹಾಕ್ಕೆ ಕರೆದೆವು. ಅವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕೇಳಿದರು, "ಊರಲ್ಲಿ ನೀವೇನು ಕೆಲಸ ಮಾಡ್ತಿದ್ರಿ?" ನಾನು ಬಾಯಿ ತೆರೆಯುವ ಮೊದಲೇ ಮಗಳು ಅಭ್ಯಾಸಬಲದಿಂದ ಹೇಳಿದಳು, "ಅಮ್ಮ ಟೆಲಿಫೋನ್ ಕಂಪನಿಯ ಆಫೀಸಿನಲ್ಲಿದ್ದರು."

ಅಜ್ಜಿಯ ಮುಖ ಅರಳಿತು. "ಟೆಲಿಫೋನಾ? ನಾನೂ ಅದೇ. ಹದಿನೈದನೇ ವಯಸ್ಸಿಗೆ ಎಡ್ಜ್ ಲೇನ್ ಸೇರಿದೆ. ಆಫೀಸಲ್ಲ, ತಂತಿ ಕಟ್ಟುವ ಸಾಲಿನಲ್ಲಿ" ಎಂದರು. ಎಷ್ಟು ಹೆಮ್ಮೆಯಿಂದ ಎಂದರೆ, ಯಾರೋ ತಾನು ವೀಣೆ ನುಡಿಸುತ್ತಿದ್ದೆ ಎಂದ ಹಾಗೆ. 1950ರ ದಶಕದಲ್ಲಿ ಇಂಡಿಯಾದಿಂದ ತರಬೇತಿಗೆ ಬರುತ್ತಿದ್ದ ಇಂಜಿನಿಯರುಗಳು ಓವರ್‌ಕೋಟಿನೊಳಗೇ ನಡುಗುತ್ತ ನಿಲ್ಲುತ್ತಿದ್ದುದನ್ನು ಹೇಳಿ ನಕ್ಕರು.

ನಾನು ಮಗಳ ಕಡೆ ನೋಡಲಿಲ್ಲ, ಅಳಿಯಂದಿರ ಕಡೆಯೂ ನೋಡಲಿಲ್ಲ. ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ, "ನಾನೂ ಆಫೀಸಿನಲ್ಲಿರಲಿಲ್ಲ. ತಂತಿಯ ಸಾಲಿನಲ್ಲೇ ಇದ್ದೆ. ಬೆಂಗಳೂರಿನಲ್ಲಿ." ನಂಬಲಿಕ್ಕಿಲ್ಲವೆಂದು, ಬೆರಳು ಮಡಿಸುತ್ತ ನಮ್ಮ ಬಣ್ಣಗಳ ಕ್ರಮ ಶುರುಮಾಡಿದೆ. ತಂತಿಗಳನ್ನು ಎಣಿಸುವುದು ಸಂಖ್ಯೆಯಿಂದಲ್ಲ, ಬಣ್ಣದಿಂದ. ನೀಲಿ, ಕಿತ್ತಳೆ ಎಂದೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಮುಂದುವರಿಸಿದರು, ಹಸಿರು, ಕಂದು, ಬೂದು. ಇಬ್ಬರೂ ಒಂದೇ ಉಸಿರಿನಲ್ಲಿ ಮತ್ತೆ ಮೊದಲಿನಿಂದ ಹೇಳಿದೆವು. ಮಗ್ಗಿ ಒಪ್ಪಿಸುವ ಹಾಗೆ. ಅವರು ನನ್ನ ಕೈ ಹಿಡಿದು ಬೆರಳ ತುದಿಗಳನ್ನು ನೋಡಿದರು, ತಮ್ಮವನ್ನು ತೋರಿಸಿದರು. ಅದೇ ಕಲೆಗಳು. ಒಗ್ಗರಣೆ ಸಿಡಿದದ್ದು ಎಂದು ಅವರಿಗೆ ಹೇಳಲಾಗುತ್ತಿರಲಿಲ್ಲ.

ಮರುದಿನ ಇಬ್ಬರೂ ಬಸ್ಸಿನಲ್ಲಿ ಎಡ್ಜ್ ಲೇನ್‌ಗೆ ಹೋದೆವು. ಟೆಲಿಫೋನಿನ ಕೆಲಸ ಅಲ್ಲಿ ಎಂದೋ ನಿಂತಿತ್ತು. ಕಂಪನಿ 1961ರಲ್ಲೇ ಪ್ಲೆಸ್ಸಿಯವರ ಕೈ ಸೇರಿ, ಆಮೇಲೆ ಇನ್ನೂ ಕೆಲವರ ಕೈ ದಾಟಿತ್ತು. ಅಜ್ಜಿ ಗೇಟಿನ ಬಳಿ ನಿಂತು, "ಇಲ್ಲಿಂದ ಸಾವಿರಾರು ಹುಡುಗಿಯರು ಸಂಜೆ ಒಟ್ಟಿಗೆ ಹೊರಬರ್ತಿದ್ವಿ" ಎಂದರು. ನನಗೆ ನಮ್ಮ ಕಾರ್ಖಾನೆ ಬಿಡುವ ಹೊತ್ತು, ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸಿಗೆ ಓಡುವ ಸೀರೆಗಳು, ಕೈಯಲ್ಲಿ ಟಿಫಿನ್ ಡಬ್ಬಿ, ದಾರಿಯಲ್ಲಿ ಕೊಂಡ ಸೊಪ್ಪು, ಎಲ್ಲ ಒಟ್ಟಿಗೆ ಕಂಡವು.

ನಾವಿಬ್ಬರೂ ತಂತಿ ಕಟ್ಟಿದ ಯಂತ್ರಕ್ಕೆ ಸ್ಟ್ರೌಜರ್ ಎಂದು ಹೆಸರು. ಅದರ ಕಥೆಯನ್ನೂ ಹೇಳಬೇಕು. ಅಲ್ಮನ್ ಸ್ಟ್ರೌಜರ್ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವನು. ಆಗ ಯಾರಿಗೆ ಫೋನು ಮಾಡಬೇಕಾದರೂ ಎಕ್ಸ್‌ಚೇಂಜಿನ ಹುಡುಗಿ ಕೈಯಿಂದ ತಂತಿ ಸಿಕ್ಕಿಸಿ ಕೊಡಬೇಕಿತ್ತು. ಊರಿನ ಆಪರೇಟರು ಇನ್ನೊಬ್ಬ ಶವದ ವ್ಯಾಪಾರಿಯ ಹೆಂಡತಿ, ತನ್ನ ಗಿರಾಕಿಗಳನ್ನೆಲ್ಲ ಗಂಡನ ಕಡೆಗೆ ತಿರುಗಿಸುತ್ತಾಳೆ ಎಂದು ಅವನಿಗೆ ಅನುಮಾನವಿತ್ತಂತೆ. ನಡುವೆ ಹೆಂಗಸೇ ಬೇಡದ ಯಂತ್ರ ಮಾಡುತ್ತೇನೆಂದು ಹಟತೊಟ್ಟು, 1891ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಅದು ಕೆಲಸ ಶುರುಮಾಡಿತು. ನೀವು ಫೋನಿನ ಚಕ್ರದಲ್ಲಿ 5 ತಿರುಗಿಸಿದರೆ ಯಂತ್ರದೊಳಗಿನ ಕಡ್ಡಿ ಟಕಟಕನೆ ಐದು ಮೆಟ್ಟಿಲು ಹತ್ತುತ್ತದೆ. ಮುಂದೆ 3 ತಿರುಗಿಸಿದರೆ ಅಲ್ಲಿಂದ ಪಕ್ಕಕ್ಕೆ ಮೂರು ಮನೆ ಸರಿಯುತ್ತದೆ. ಹತ್ತು ಮೆಟ್ಟಿಲು, ಮೆಟ್ಟಿಲಿಗೆ ಹತ್ತು ಮನೆ, ಒಟ್ಟು ನೂರು.

ಹೆಂಗಸಿನ ಕೈ ಬೇಡವೆಂದು ಹುಟ್ಟಿದ ಆ ಯಂತ್ರಕ್ಕೆ ಒಂದೊಂದು ತಂತಿಯನ್ನೂ ಕಟ್ಟಿದ್ದು ಹೆಂಗಸರ ಕೈಗಳು, ಅಲ್ಲೂ, ಇಲ್ಲೂ. ಬ್ರಿಟನ್ನಿನ ಕೊನೆಯ ಸ್ಟ್ರೌಜರ್ ಎಕ್ಸ್‌ಚೇಂಜನ್ನು 1995ರಲ್ಲಿ ತೆಗೆದುಹಾಕಿದರು. ಅದೇ ವರ್ಷ ನಮ್ಮ ದೇಶಕ್ಕೆ ಮೊಬೈಲು ಬಂತು. ಈಗಿನ ಫೋನಿಗೆ ನಮ್ಮ ಗಂಟುಗಳು ಬೇಕಿಲ್ಲ. ಅದಕ್ಕೆ ನನಗೇನೂ ದುಃಖವಿಲ್ಲ. ಯಂತ್ರಗಳು ಹೋಗುತ್ತವೆ. ಆದರೆ ನಾವು ಮಾಡಿದ್ದನ್ನು ನಾವೇ ಮುಚ್ಚಿಟ್ಟರೆ, ಅದು ಇತ್ತೆಂದು ಹೇಳುವವರು ಯಾರು? ಕಿಟ್ಟಿ ತೀರಿಕೊಂಡದ್ದು 1860ರಲ್ಲಿ. ಮೂರ್ತಿ ನಿಂತದ್ದು 2012ರಲ್ಲಿ. ಅವಳೇನೂ ತನ್ನ ಹಂಡೆಯನ್ನು ಬಚ್ಚಿಟ್ಟಿರಲಿಲ್ಲ. ಹಾಗಿದ್ದೂ ಊರಿಗೆ ನೂರೈವತ್ತು ವರ್ಷ ಬೇಕಾಯಿತು.

ಹೊರಡುವ ದಿನ ಅಜ್ಜಿ ಬಾಗಿಲ ತನಕ ಬಂದು, "ಹೋಗಿ ಬಾ ಕ್ವೀನ್" ಎಂದರು. ಈ ಸಲ ನನಗೆ ಬೆಚ್ಚುವಂಥದ್ದೇನೂ ಅನ್ನಿಸಲಿಲ್ಲ.

ಊರಿಗೆ ಬಂದ ವಾರದಲ್ಲೇ ಬೀಗಿತ್ತಿಯವರ ಮನೆಗೆ ಹೋದೆ. ಮೊಮ್ಮಗಳ ಫೋಟೋಗಳನ್ನೆಲ್ಲ ತೋರಿಸಿ, ಕಾಫಿ ಕುಡಿದು, ಎದೆ ಗಟ್ಟಿ ಮಾಡಿಕೊಂಡು ಹೇಳಿದೆ. "ನಾನು ಆಫೀಸಿನಲ್ಲಿ ಇರಲಿಲ್ಲ. ನಿಮಗೆ ಸುಳ್ಳು ಹೇಳಿಸಿದ್ದೆ." ಅವರು ಲೋಟ ಕೆಳಗಿಟ್ಟು ನಕ್ಕರು. "ಹೆಣ್ಣು ತರೋ ಮನೆ ವಿಚಾರಿಸದೆ ಇರ್ತೀವಾ? ನಮ್ಮೆಜಮಾನರ ಸ್ನೇಹಿತರು ನಿಮ್ಮ ಫ್ಯಾಕ್ಟರಿಯಲ್ಲೇ ಇದ್ದರು. ವೈರಿಂಗಿನಲ್ಲಿ ನಿಮ್ಮಷ್ಟು ಅಚ್ಚುಕಟ್ಟು ಕೈ ಇಲ್ಲ ಅಂದಿದ್ದರು. ಅದಕ್ಕೇ ಒಪ್ಪಿದ್ದು" ಎಂದರು. ಐದು ವರ್ಷ ನಾನು ಮುಚ್ಚಿಟ್ಟದ್ದು ನನ್ನಿಂದಲೇ.

ಮೊಮ್ಮಗಳು ಈಗ ದೊಡ್ಡವಳಾಗಿದ್ದಾಳೆ. ಭಾನುವಾರ ಭಾನುವಾರ ಫೋನಿನಲ್ಲಿ ಮುಖ ತೋರಿಸುತ್ತಾಳೆ. ಅವಳಿಗೆ ಮಾತು ಬಂದ ಹೊಸದರಲ್ಲಿ ಒಮ್ಮೆ ಕನ್ನಡದಲ್ಲಿ ಬಣ್ಣಗಳನ್ನು ಒಪ್ಪಿಸಿದಳು. ಸಾಮಾನ್ಯವಾಗಿ ಮಕ್ಕಳು ಕೆಂಪಿನಿಂದ ಶುರುಮಾಡುತ್ತಾರೆ. ಇವಳು ಹೇಳಿದ್ದು, ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ನಾನು ಕಲಿಸಿದ್ದಲ್ಲ. ಅವಳ ಹಿಂದೆ ನಿಂತಿದ್ದ ಮಗಳು ಏನೂ ಅನ್ನಲಿಲ್ಲ, ಒಗೆದ ಬಟ್ಟೆ ಮಡಿಸುತ್ತಲೇ ಇದ್ದಳು.